ಕೊಲ್ಲುವ ಬಟ್ಟೆ, ಕೊಳೆಯುವ ಬಟ್ಟೆ

ಎರಡನೇ ಮಹಾಯುದ್ಧದ ಕೊನೆಯ ವರ್ಷಗಳು. ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೈನಿಕರಿಗೆ ಜಪಾನೀಯರ ಜೊತೆಗೆ ಇನ್ನೊಬ್ಬ ಶತ್ರುವೂ ಗಂಟುಬಿದ್ದಿದ್ದ. ಬಿಡದೆ ಸುರಿಯುವ ಮಳೆ, ಉಸಿರುಗಟ್ಟಿಸುವ ಸೆಕೆ. ದಪ್ಪ ಹತ್ತಿಯ ಡೇರೆ, ಬೆನ್ನಚೀಲ, ಸೊಂಟಪಟ್ಟಿ, ಸಮವಸ್ತ್ರ ಎಲ್ಲವೂ ನೋಡನೋಡುತ್ತಿದ್ದಂತೆ ಕಪ್ಪು ಚುಕ್ಕೆ ಬಿದ್ದು, ಲಡ್ಡಾಗಿ, ಎಳೆದರೆ ಪರ್ರನೆ ಹರಿಯುವ ಸ್ಥಿತಿಗೆ ಬರುತ್ತಿದ್ದವು. ಗುಂಡಿಗೆ ಹೆದರದ ಪಡೆ ಬೂಷ್ಟಿನ ಮುಂದೆ ಸುಸ್ತಾಗಿತ್ತು.

ಸೇನೆಗೆ ಸರಕು ಸರಂಜಾಮು ಒದಗಿಸುವ ಕ್ವಾರ್ಟರ್‌ಮಾಸ್ಟರ್ ವಿಭಾಗ ತನ್ನ ವಿಜ್ಞಾನಿಗಳನ್ನು ಈ ಶತ್ರುವಿನ ಬೆನ್ನುಹತ್ತಲು ಬಿಟ್ಟಿತು. ಅವರು ಕೊಳೆತ ಬಟ್ಟೆಯ ತುಣುಕುಗಳಿಂದ ಸಾವಿರಾರು ಬೂಷ್ಟುಗಳನ್ನು ಬೇರ್ಪಡಿಸಿ, ನಂಬರು ಹಚ್ಚಿ ಸಾಕಿದರು. 1944ರಲ್ಲಿ ಬೂಗನ್‌ವಿಲ್ ದ್ವೀಪದ ಹತ್ತಿಯ ಡೇರೆಯೊಂದರಲ್ಲಿ ಸಿಕ್ಕಿದ ಹಸಿರು ಬೂಷ್ಟಿಗೆ ಬಿದ್ದ ಗುರುತು ‘ಕ್ಯೂಎಂ 6ಎ’. ಎಲ್ವಿನ್ ರೀಸ್ ಮತ್ತು ಮೇರಿ ಮ್ಯಾಂಡೆಲ್ಸ್ ಎಂಬ ವಿಜ್ಞಾನಿಗಳು ಅದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಹತ್ತಿಯ ಎಳೆಯನ್ನು ಕರಗಿಸಿ ಸಕ್ಕರೆ ಮಾಡಿಕೊಂಡು ತಿನ್ನುವ ಕಿಣ್ವ ಅದರ ಬಳಿ ಧಾರಾಳವಾಗಿತ್ತು. 1977ರಲ್ಲಿ ಅದಕ್ಕೆ ರೀಸ್ ಅವರ ಹೆಸರನ್ನೇ ಸೇರಿಸಿ ‘ಟ್ರೈಕೊಡರ್ಮಾ ರೀಸೈ’ ಎಂದು ನಾಮಕರಣವಾಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಡೇರೆ ತಿಂದ ಬೂಷ್ಟು ಈಗ ಕಾರ್ಖಾನೆಗಳ ತೊಟ್ಟಿಯಲ್ಲಿ ನಿಷ್ಠೆಯಿಂದ ದುಡಿಯುತ್ತಿದೆ. ಹೊಸ ಜೀನ್ಸ್ ಪ್ಯಾಂಟಿಗೆ ಹಳೆಯ, ಮಾಸಲು ಕಳೆ ಕೊಡಲು ಬಳಸುವ ಕಿಣ್ವ ಇಂಥ ಬೂಷ್ಟುಗಳದ್ದೇ. ಹೊಟ್ಟು, ದಂಟುಗಳಿಂದ ಎಥನಾಲ್ ತೆಗೆಯಲೂ ಅದೇ ಬೇಕು.

ಇನ್ನು ಡೇರೆಗಳ ಗತಿ? ತಾಮ್ರದ ಸಂಯುಕ್ತಗಳನ್ನು ಬಳಿದು ಅವನ್ನು ಬೂಷ್ಟಿಗೆ ವಿಷವಾಗಿಸಲಾಯಿತು. ಬಟ್ಟೆ ಕೊಳೆಯಬಾರದು ಎಂದರೆ ಬಟ್ಟೆಯೇ ಕೊಲ್ಲಬೇಕು. ಆ ಕಾಲದ ಸೂತ್ರ ಇಷ್ಟು ಸರಳ. ಅಂದಿನವರಿಗೆ ಕೊಳೆಯುವುದು ಶತ್ರು. ಇಂದು ನಮಗೆ ಕೊಳೆಯದೇ ಇರುವುದು ಶತ್ರು.

ಕೊಳೆಯದ ಕವಚ

2020ರ ಬೇಸಿಗೆಯನ್ನು ನೆನಪಿಸಿಕೊಳ್ಳಿ. ಕೋವಿಡ್ ಬಂದೆರಗಿದಾಗ ವೈದ್ಯರು, ದಾದಿಯರು ತಲೆಯಿಂದ ಕಾಲಿನವರೆಗೆ ಬಿಳಿಯ ಗವಸು ತೊಟ್ಟು ಚಂದ್ರಯಾನಿಗಳಂತೆ ಕಾಣಿಸಿಕೊಂಡರು. ಅಂಥ ಕವಚಗಳನ್ನು ಹೊಲಿಯುವ ಕೆಲಸಕ್ಕೆ ನಮ್ಮ ಸಿದ್ಧ ಉಡುಪು ಕಾರ್ಖಾನೆಗಳು ಟೊಂಕಕಟ್ಟಿ ನಿಂತವು. ಏಪ್ರಿಲ್ ಕೊನೆಯ ಹೊತ್ತಿಗೆ ದೇಶದಲ್ಲಿ ದಿನಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಕವಚಗಳು ತಯಾರಾಗುತ್ತಿದ್ದವು. ಹೆಚ್ಚುಕಡಿಮೆ ಅರ್ಧದಷ್ಟು ಬೆಂಗಳೂರಿನಲ್ಲೇ ಎಂದು ಕೇಂದ್ರ ಸರ್ಕಾರವೇ ಹೇಳಿತ್ತು.

ನೋಡಲು ಬಟ್ಟೆಯಂತಿದ್ದರೂ ಅದು ನೆಯ್ದ ಬಟ್ಟೆಯಲ್ಲ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕನ್ನು ಕರಗಿಸಿ, ಎಳೆ ಎಳೆಯಾಗಿ ಹಾಯಿಸಿ, ಒಂದರ ಮೇಲೊಂದು ಕೆಡವಿ, ಬಿಸಿಯಲ್ಲಿ ಒತ್ತಿ ಮಾಡಿದ ಹಾಳೆ. ರಕ್ತ, ಕಫ ಒಳಗಿಳಿಯದಂತೆ ಅದರ ಮೇಲೊಂದು ತೆಳು ಪ್ಲಾಸ್ಟಿಕ್ ಪೊರೆ. ಮೂರು ಪದರದ ಮಾಸ್ಕೂ ಇದೇ ಜಾತಿ. ಅದರ ನಡುವಿನ ಪದರದ ಎಳೆಗಳು ಕೂದಲಿಗಿಂತ ಹತ್ತಾರು ಪಟ್ಟು ತೆಳು. ಎನ್95 ಮಾಸ್ಕಿನಲ್ಲಿ ಆ ಎಳೆಗಳಿಗೆ ಸ್ಥಿರ ವಿದ್ಯುತ್ತನ್ನೂ ತುಂಬಿರುತ್ತಾರೆ. ಬಾಚಣಿಗೆ ತಲೆಗೆ ಉಜ್ಜಿ ಕಾಗದದ ಚೂರು ಹಿಡಿಯುವ ಮಕ್ಕಳ ಆಟ ನೆನಪಿದೆಯಲ್ಲ? ಹಾಗೆಯೇ ಈ ಎಳೆಗಳು ಹಾಯುವ ಕಣಗಳನ್ನು ಸೆಳೆದು ಹಿಡಿಯುತ್ತವೆ.

ಇಷ್ಟು ಒಳ್ಳೆಯ ಗುಣ ಇರುವ ವಸ್ತುವಿಗೆ ಒಂದೇ ದುರ್ಗುಣ: ಅದಕ್ಕೆ ಸಾವಿಲ್ಲ. ಮೈಮೇಲೆ ಕೆಲವು ತಾಸು ಇದ್ದು, ಭೂಮಿಯ ಮೇಲೆ ತಲೆಮಾರುಗಟ್ಟಲೆ ಉಳಿಯುತ್ತದೆ. ಬಿಸಿಲಿಗೆ ಪುಡಿಯಾದರೂ ಮಣ್ಣಾಗುವುದಿಲ್ಲ, ಕಣ್ಣಿಗೆ ಕಾಣದ ನಾರಾಗಿ ನೀರು ಸೇರುತ್ತದೆ. ವಿಶ್ವಸಂಸ್ಥೆಯ ಒಂದು ಜಂಟಿ ಯೋಜನೆಯ ಮೂಲಕ 2020ರ ಮಾರ್ಚ್‌ನಿಂದ 2021ರ ನವೆಂಬರ್‌ವರೆಗೆ ದೇಶ ದೇಶಗಳಿಗೆ ಹಂಚಿದ ಕವಚ ಸಾಮಗ್ರಿಯ ತೂಕವೇ ಸುಮಾರು 87,000 ಟನ್ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಲೆಕ್ಕ ಕೊಟ್ಟಿತು. ಅದರಲ್ಲಿ ಬಹುಪಾಲು ಕಸವಾಗಿ ಹೋಗಿದೆ ಎಂದೂ ಹೇಳಿತು. ಸರ್ಕಾರಗಳು ತಾವಾಗಿ ಕೊಂಡದ್ದು, ನಾವು ನೀವು ಅಂಗಡಿಯಲ್ಲಿ ಕೊಂಡದ್ದು ಈ ಲೆಕ್ಕದ ಹೊರಗೆ.

ಹಾಗಾಗಿ ಪ್ರಯೋಗಾಲಯಗಳಲ್ಲಿ ಈಗ ಒಂದು ವಿಚಿತ್ರ ಹುಡುಕಾಟ ನಡೆದಿದೆ. ಮೈಮೇಲಿದ್ದಾಗ ರೋಗಾಣುವನ್ನು ಕೊಲ್ಲಬೇಕು, ಮಣ್ಣಿಗೆ ಬಿದ್ದಾಗ ಅದೇ ಅಣುಜೀವಿಗಳಿಗೆ ಊಟವಾಗಬೇಕು. ಇಂಥ ಬಟ್ಟೆ ಸಾಧ್ಯವೇ? ಒಂದೇ ಬಾಯಲ್ಲಿ ‘ಹತ್ತಿರ ಬಂದರೆ ಜೋಕೆ’ ಎಂದೂ, ‘ಬನ್ನಿ, ಊಟಕ್ಕೆ ಏಳಿ’ ಎಂದೂ ಹೇಳುವ ಬಟ್ಟೆ!

ಬೆಳ್ಳಿಯ ಸಾಲ

ರೋಗಾಣು ಕೊಲ್ಲುವ ಬಟ್ಟೆ ಹೊಸತೇನಲ್ಲ. ಬೆವರು ವಾಸನೆ ಬಾರದ ಕಾಲುಚೀಲ, ಬನಿಯನ್ನು, ಹಾಸಿಗೆ ಹೊದಿಕೆಗಳು ಅಂಗಡಿಯಲ್ಲಿ ಎಂದೋ ಬಂದಿವೆ. ಬೆವರಿಗೆ ಸ್ವಂತ ವಾಸನೆ ಅಷ್ಟಾಗಿ ಇಲ್ಲ. ಅದನ್ನು ತಿಂದು ಬೆಳೆಯುವ ಬ್ಯಾಕ್ಟೀರಿಯಾಗಳದ್ದು ಆ ನಾತ. ಅವನ್ನು ಕೊಂದರೆ ವಾಸನೆ ಇಲ್ಲ. ಕೊಲ್ಲಲು ಹೆಚ್ಚಾಗಿ ಬಳಕೆಯಾದದ್ದು ಬೆಳ್ಳಿಯ ಅತಿಸೂಕ್ಷ್ಮ ಕಣಗಳು.

ಬೆಳ್ಳಿ ಕೊಲ್ಲುತ್ತದೆ, ಅನುಮಾನವಿಲ್ಲ. ಆದರೆ ಅದು ಬಟ್ಟೆಯಲ್ಲಿ ಉಳಿಯುತ್ತದೆಯೇ? 2008ರಲ್ಲಿ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯವೊಂದರ ಟ್ರಾಯ್ ಬೆನ್ ಮತ್ತು ಪಾಲ್ ವೆಸ್ಟರ್‌ಹಾಫ್ ಆರು ಬಗೆಯ ಕಾಲುಚೀಲಗಳನ್ನು ತಂದು ನೀರಿನಲ್ಲಿ ಜಾಲಾಡಿಸಿ ನೋಡಿದರು. ಕೆಲವು ಕಾಲುಚೀಲಗಳು ಕೆಲವೇ ಒಗೆತಗಳಲ್ಲಿ ತಮ್ಮ ಬೆಳ್ಳಿಯನ್ನೆಲ್ಲ ಬಹುಮಟ್ಟಿಗೆ ನೀರಿಗೆ ಬಿಟ್ಟವು. ಗಿರಾಕಿ ಕೊಟ್ಟ ಹೆಚ್ಚಿನ ದುಡ್ಡು ಬಚ್ಚಲಿನಲ್ಲಿ ಹರಿದುಹೋಯಿತು.

ದುಡ್ಡು ಹೋದರೆ ಹೋಗಲಿ, ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ? ಊರಿನ ಕೊಳಚೆ ನೀರನ್ನು ಶುದ್ಧ ಮಾಡುವ ಘಟಕದಲ್ಲಿ ನಿಜವಾಗಿ ದುಡಿಯುವವರು ಬ್ಯಾಕ್ಟೀರಿಯಾಗಳು. ಅಲ್ಲಿಗೆ ಬ್ಯಾಕ್ಟೀರಿಯಾನಾಶಕ ಹರಿಸಿದರೆ ಕೂಲಿಯಾಳಿಗೇ ವಿಷ ಹಾಕಿದಂತೆ. ಇನ್ನೊಂದು ಅಪಾಯವೂ ಇದೆ. 1975ರಲ್ಲೇ ಬಾಸ್ಟನ್‌ನ ದೊಡ್ಡ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿನಲ್ಲಿ ಬೆಳ್ಳಿಯ ಔಷಧಕ್ಕೂ ಬಗ್ಗದ ಸಾಲ್ಮೊನೆಲ್ಲಾ ರೋಗಾಣು ಕಾಣಿಸಿಕೊಂಡಿತ್ತು. ಅದು ಎರಡು ಪ್ರತಿಜೀವಕಗಳಿಗೂ ಜಗ್ಗದಾಗಿತ್ತು. ಬೇಕಿಲ್ಲದ ಕಡೆಯೆಲ್ಲ ಅಸ್ತ್ರ ಬೀಸಿದರೆ ಶತ್ರು ಆ ಅಸ್ತ್ರವನ್ನು ತಿರುಗಿಸುವುದನ್ನೂ ಕಲಿಯುತ್ತಾನೆ.

ಜಾಹೀರಾತಿನ ‘ಶೇ 99.9’ ಎಂಬ ಅಂಕಿಯನ್ನೂ ಸ್ವಲ್ಪ ಬಿಡಿಸಿ ನೋಡೋಣ. ಬಟ್ಟೆಯ ಮೇಲೆ ಹತ್ತು ಲಕ್ಷ ಬ್ಯಾಕ್ಟೀರಿಯಾ ಇದ್ದವು ಎನ್ನಿ. ಶೇ 99.9 ಸತ್ತರೆ ಉಳಿಯುವುದು ಒಂದು ಸಾವಿರ. ಊಟ, ತೇವ, ಬಿಸುಪು ಎಲ್ಲ ಅನುಕೂಲವಾಗಿದ್ದರೆ ಕೆಲವು ಬ್ಯಾಕ್ಟೀರಿಯಾಗಳು ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುತ್ತವೆ. ಹತ್ತು ಸಲ ಇಮ್ಮಡಿಯಾದರೆ ಸಾವಿರ ಮತ್ತೆ ಹತ್ತು ಲಕ್ಷ. ಹಿಡಿದ ಕಾಲ ಮೂರು ಗಂಟೆ ಇಪ್ಪತ್ತು ನಿಮಿಷ. ಅಂದರೆ ಬಟ್ಟೆಯ ಕೊಲ್ಲುವ ಗುಣ ಒಮ್ಮೆ ಹೊಡೆದು ಸುಮ್ಮನಾದರೆ ಸಾಲದು, ಉಟ್ಟಿರುವಷ್ಟು ಹೊತ್ತೂ ಎಚ್ಚರವಾಗಿರಬೇಕು. ತೊಳೆದರೆ ಹೋಗಬಾರದು, ಹೋದರೂ ಕೇಡು ಮಾಡಬಾರದು.

ಸಿಗಡಿಯ ಅಂಗಿ

ಇಷ್ಟೆಲ್ಲ ಷರತ್ತಿಗೆ ಒಪ್ಪುವ ವಸ್ತು ಮಂಗಳೂರು, ಮಲ್ಪೆಗಳ ಮೀನು ಧಕ್ಕೆಯ ಕಸದಲ್ಲೇ ಇದೆ ಎಂದರೆ ನಂಬುತ್ತೀರಾ? ಸಿಗಡಿಯ ತಲೆ, ಚಿಪ್ಪು ಬಿಡಿಸಿ ತಿರುಳನ್ನು ಪರದೇಶಕ್ಕೆ ಕಳಿಸುವಾಗ ಮೂಲ ತೂಕದ ಅರ್ಧಕ್ಕೆ ಹತ್ತಿರದಷ್ಟು ಕಸವಾಗಿ ಉಳಿಯುತ್ತದೆ. ಒಂದೇ ದಿನದಲ್ಲಿ ಗಬ್ಬುನಾತ ಹೊಡೆಯುವ ಈ ರಾಶಿಯಲ್ಲಿ ‘ಕೈಟಿನ್’ ಎಂಬ ಗಟ್ಟಿ ನಾರು ಇರುತ್ತದೆ. ಏಡಿ, ಜೀರುಂಡೆ, ಜಿರಲೆಗಳ ಮೈಗಾಪೂ ಅದೇ. ಫ್ರಾನ್ಸಿನ ಹೆನ್ರಿ ಬ್ರಾಕೊನೊ 1811ರಲ್ಲಿ ಅದನ್ನು ಮೊದಲು ಕಂಡದ್ದು ಅಣಬೆಯಲ್ಲಿ.

ರಚನೆಯಲ್ಲಿ ಕೈಟಿನ್ ಹತ್ತಿಯ ಸೆಲ್ಯುಲೋಸಿನ ಒಡಹುಟ್ಟು ಎನ್ನಬಹುದು. ಚಿಪ್ಪನ್ನು ತೆಳು ಆಮ್ಲದಲ್ಲಿ ನೆನೆಸಿದರೆ ಸುಣ್ಣ ಕರಗುತ್ತದೆ. ತೆಳು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿದರೆ ಪ್ರೋಟೀನು ಹೋಗುತ್ತದೆ. ಉಳಿದ ಕೈಟಿನ್ನನ್ನು ಗಾಢ ಕಾಸ್ಟಿಕ್ ಸೋಡಾದಲ್ಲಿ ಮತ್ತೆ ಕಾಯಿಸಿದರೆ ಸಿಗುವುದು ‘ಕೈಟೊಸಾನ್’. ಇದೂ 1859ರಷ್ಟು ಹಳೆಯ ಶೋಧ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಈ ಕೆಲಸದ ತಂತ್ರವನ್ನು ರೂಪಿಸಿ ಉದ್ದಿಮೆಗಳಿಗೆ ಕೊಟ್ಟಿದೆ.

ಕೈಟೊಸಾನ್ ಕೊಲ್ಲುವ ಬಗೆ ಕುತೂಹಲಕರ. ವಿನೆಗರಿನಂಥ ಹುಳಿ ನೀರಿನಲ್ಲಿ ಕರಗಿದಾಗ ಅದರ ಮೈತುಂಬ ಧನ ವಿದ್ಯುದಂಶ. ಬ್ಯಾಕ್ಟೀರಿಯಾದ ಹೊರಮೈಯಲ್ಲಿ ಋಣ. ಎರಡೂ ಸೆಳೆದು ಅಪ್ಪಿಕೊಳ್ಳುತ್ತವೆ. ಆ ಅಪ್ಪುಗೆ ಧೃತರಾಷ್ಟ್ರನದ್ದು. ಬ್ಯಾಕ್ಟೀರಿಯಾದ ಪೊರೆ ಸಡಿಲವಾಗಿ ಒಳಗಿನ ಸಾರವೆಲ್ಲ ಸೋರಿಹೋಗುತ್ತದೆ. ರಕ್ತದ ಕೆಂಪು ಕಣಗಳ ಹೊರಮೈಯಲ್ಲೂ ಋಣ ವಿದ್ಯುದಂಶವೇ ಇರುವುದರಿಂದ ಅವೂ ಕೈಟೊಸಾನಿಗೆ ಅಂಟಿ ಗಾಯದ ಬಾಯಿ ಮುಚ್ಚುತ್ತವೆ. 2002ರಲ್ಲಿ ಅಮೆರಿಕದ ಔಷಧ ಆಡಳಿತ ಕೈಟೊಸಾನಿನ ಗಾಯಪಟ್ಟಿಗೆ ಒಪ್ಪಿಗೆ ಕೊಟ್ಟಿತು. ಇರಾಕ್, ಆಫ್ಘಾನಿಸ್ತಾನದ ಯುದ್ಧಗಳಲ್ಲಿ ಸೈನಿಕರು ಅದನ್ನು ಜೇಬಿನಲ್ಲಿಟ್ಟು ಓಡಾಡಿದರು. ಬೂಷ್ಟಿನಿಂದ ಡೇರೆ ಕಳೆದುಕೊಂಡ ಸೇನೆಗೆ ಸಿಗಡಿಯ ಚಿಪ್ಪು ಜೀವ ಉಳಿಸಿಕೊಟ್ಟಿತು.

ಹಾಗಾದರೆ ಇದು ಕೊಳೆಯುವುದು ಹೇಗೆ? ಸಮುದ್ರವನ್ನೇ ಕೇಳಿ. ಸಿಗಡಿ, ಏಡಿಗಳು ಬೆಳೆಯುವಾಗಲೆಲ್ಲ ಹಳೆಯ ಚಿಪ್ಪು ಕಳಚುತ್ತವೆ. ಕೋಟ್ಯಂತರ ವರ್ಷಗಳಿಂದ ಕಳಚುತ್ತಲೇ ಬಂದಿವೆ. ಆದರೂ ಕಡಲ ತಳದಲ್ಲಿ ಚಿಪ್ಪಿನ ಬೆಟ್ಟ ಎದ್ದಿಲ್ಲ. ಕೈಟಿನ್ ಕತ್ತರಿಸುವ ಕಿಣ್ವವಿರುವ ಬ್ಯಾಕ್ಟೀರಿಯಾ, ಬೂಷ್ಟುಗಳು ನೀರಿನಲ್ಲೂ ಮಣ್ಣಿನಲ್ಲೂ ಬೇಕಾದಷ್ಟಿವೆ. ನಮ್ಮ ಕಣ್ಣೀರಿನಲ್ಲಿರುವ ಲೈಸೋಜೈಮ್ ಕಿಣ್ವ ಕೂಡ ಕೈಟೊಸಾನನ್ನು ಮೆಲ್ಲಗೆ ಕಡಿಯಬಲ್ಲದು. ಬಟ್ಟೆಯ ಮೇಲೆ ಲೇಪಿಸುವುದು ಸಾಮಾನ್ಯವಾಗಿ ನೂರು ಗ್ರಾಮಿಗೆ ಒಂದೆರಡು ಗ್ರಾಂ ಅಷ್ಟೇ. ಚರ್ಮದ ಮೇಲಿನ ಸಣ್ಣ ಗುಂಪನ್ನು ತಡೆಯಲು ಅದು ಸಾಕು. ಆದರೆ ಒಂದು ಚಿಟಿಕೆ ಮಣ್ಣಿನಲ್ಲಿರುವ ಕೋಟಿಗಟ್ಟಲೆ ಜೀವಿಗಳ ದಂಡಿನ ಮುಂದೆ ಅದು ನಿಲ್ಲದು. ದಂಡಿನಲ್ಲಿ ಕೆಲವಕ್ಕೆ ಅದೇ ಊಟ. ಲೋಹಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಬೆಳ್ಳಿಯನ್ನು ತಿಂದು ಅರಗಿಸಿಕೊಳ್ಳುವವರು ಯಾರೂ ಇಲ್ಲ.

ಅಂದಮಾತ್ರಕ್ಕೆ ಎಲ್ಲವೂ ಸಲೀಸು ಎಂದಲ್ಲ. ಕೈಟೊಸಾನಿನ ಶಕ್ತಿ ಹುಳಿ ವಾತಾವರಣದಲ್ಲಿ ಹೆಚ್ಚು. ಸಾಬೂನು, ಡಿಟರ್ಜೆಂಟಿನ ಕ್ಷಾರದಲ್ಲಿ ಅದರ ವಿದ್ಯುದಂಶ ಕುಂದುತ್ತದೆ. ನಾಲ್ಕು ಸಲ ಒಗೆದರೂ ಹೋಗದಂತೆ ಹತ್ತಿಗೆ ಬೆಸೆಯಬೇಕೆಂದರೆ ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲದಂಥ ಕೊಂಡಿ ಬೇಕು, ಒಲೆಯ ಬಿಸಿ ಬೇಕು. ಆಗ ಬಿಳಿ ಬಟ್ಟೆ ಸ್ವಲ್ಪ ಹಳದಿಯಾಗುವುದುಂಟು. ಸಿಗಡಿ ತಿಂದರೆ ಮೈ ತುರಿಸುವವರಿಗಾಗಿ ಪ್ರೋಟೀನಿನ ಅಂಶ ಉಳಿಯದಂತೆ ಶುದ್ಧ ಮಾಡಬೇಕು. ಇನ್ನು ಆಮ್ಲ, ಕ್ಷಾರ ತೊಳೆದ ಆ ನೀರು? ಅದನ್ನು ಹಾಗೆಯೇ ಹಿನ್ನೀರಿಗೆ ಬಿಟ್ಟರೆ ಒಂದು ಕಸ ತೆಗೆದು ಇನ್ನೊಂದು ಕಸ ಇಟ್ಟಂತಾಯಿತು.

ಅರಿಶಿನ ಬಣ್ಣ ನಿಲ್ಲದು

‘ಸಿಗಡಿ ಏಕೆ, ನಮ್ಮ ಬೇವು, ಅರಿಶಿನ ಇಲ್ಲವೇ?’ ಎಂದು ನೀವು ಕೇಳಬಹುದು. ಹೊಸ ಬಟ್ಟೆ ಉಡುವ ಮೊದಲು ಅದರ ಮೂಲೆಗೆ ಅರಿಶಿನ ಹಚ್ಚುವ ಮನೆಗಳು ನಮ್ಮಲ್ಲಿ ಇಂದಿಗೂ ಇವೆ. ಗಾಯಕ್ಕೆ ಅರಿಶಿನ ಹಚ್ಚುವ ವಿದ್ಯೆಗೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ದರು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಹಳೆಯ ಗ್ರಂಥಗಳ ಸಾಕ್ಷಿ ಇಟ್ಟು ವಾದಿಸಿ 1997ರಲ್ಲಿ ಅದನ್ನು ರದ್ದು ಮಾಡಿಸಿತು.

ಅರಿಶಿನ, ಬೇವು, ದಾಳಿಂಬೆ ಸಿಪ್ಪೆ, ಅಳಲೆಕಾಯಿಗಳಲ್ಲಿ ಬ್ಯಾಕ್ಟೀರಿಯಾ ತಡೆಯುವ ಸತ್ವ ಇರುವುದು ನಿಜ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಅವು ಚೆನ್ನಾಗಿ ಪಾಸಾಗುತ್ತವೆ. ಪೇಚು ಇರುವುದು ಬಟ್ಟೆಗೆ ಹಿಡಿಸುವುದರಲ್ಲಿ. ಬಿಳಿ ಅಂಗಿಯ ಮೇಲೆ ಸಾರಿನ ಅರಿಶಿನದ ಕಲೆ ಬಿದ್ದರೆ ತಾಯಂದಿರು ಏನು ಮಾಡುತ್ತಾರೆ? ಒಗೆದು ಸುಡು ಬಿಸಿಲಿಗೆ ಹರವುತ್ತಾರೆ. ಸಂಜೆಗೆ ಕಲೆ ಮಾಯ. ಅರಿಶಿನದ ಸತ್ವವೇ ಆ ಬಣ್ಣ. ಬಣ್ಣ ಹೋಯಿತೆಂದರೆ ಕಾವಲೂ ಹೋಯಿತು. ಅಳಲೆ, ದಾಳಿಂಬೆಯ ಒಗರು ಹತ್ತಿಗೆ ಇದಕ್ಕಿಂತ ಗಟ್ಟಿಯಾಗಿ ಕಚ್ಚುತ್ತದೆ. ಅದಕ್ಕೇ ಬಣ್ಣಗಾರರು ಅಳಲೆಕಾಯಿಯ ನೀರಿನಲ್ಲಿ ಬಟ್ಟೆ ಅದ್ದಿ ಆಮೇಲೆ ಬಣ್ಣ ಹಾಕುವ ಪದ್ಧತಿ ಇಟ್ಟುಕೊಂಡಿದ್ದರು. ಒಂದೇ ಸಲ ಬಳಸಿ ಎಸೆಯುವ ಗಾಯದ ಬಟ್ಟೆಗೆ ಇಂಥವು ಸರಿ. ವಾರಕ್ಕೆರಡು ಸಲ ಒಗೆಯುವ ಅಂಗಿಗೆ ಇವುಗಳ ಭರವಸೆ ಸಾಲದು.

ಹಸಿರು ಚೀಟಿಯ ಒಳಗೇನಿದೆ?

ಲೇಪದ ಮಾತಾಯಿತು. ಅಡಿಯ ಬಟ್ಟೆಯೇ ಪ್ಲಾಸ್ಟಿಕ್ ಆದರೆ ಲೇಪ ಕೊಳೆತು ಏನು ಪ್ರಯೋಜನ? ಪಾಲಿಪ್ರೊಪಿಲೀನಿಗೆ ಬದಲು ಜೋಳದ, ಕಬ್ಬಿನ ಸಕ್ಕರೆಯನ್ನು ಹುಳಿಸಿ ಮಾಡುವ ‘ಪಿಎಲ್‌ಎ’ ಎಂಬ ವಸ್ತುವನ್ನು ಹಾಳೆ ಮಾಡಿ ನೋಡುತ್ತಿದ್ದಾರೆ. ಮರದ ತಿರುಳಿನಿಂದ ತೆಗೆಯುವ ವಿಸ್ಕೋಸ್ ಅಂದರೆ ರೇಯಾನ್ ನಾರೂ ಇದೆ.

ಎರಡಕ್ಕೂ ಒಂದೊಂದು ‘ಆದರೆ’ ಇದೆ. ‘ಗೊಬ್ಬರವಾಗುತ್ತದೆ’ ಎಂಬ ಚೀಟಿ ಪಡೆಯಲು ವಸ್ತುವೊಂದು ಸುಮಾರು 58 ಡಿಗ್ರಿ ಬಿಸಿಯ ಗೊಬ್ಬರದಲ್ಲಿ 180 ದಿನಗಳ ಒಳಗೆ ತನ್ನ ಇಂಗಾಲದ ಶೇ 90ರಷ್ಟನ್ನು ಇಂಗಾಲದ ಡೈಆಕ್ಸೈಡ್ ಆಗಿ ಬಿಟ್ಟುಕೊಡಬೇಕು. ಪಿಎಲ್‌ಎ ಅಲ್ಲಿ ಪಾಸು. ಆದರೆ ಅಷ್ಟು ಕಾವು ಇರುವುದು ದೊಡ್ಡ ಗೊಬ್ಬರ ಘಟಕದಲ್ಲಿ. ನಮ್ಮ ಮೋರಿಯಲ್ಲಿ, ಕೆರೆಯಲ್ಲಿ, ಸಮುದ್ರದಲ್ಲಿ ಬಿದ್ದ ಪಿಎಲ್‌ಎ ವರ್ಷಗಟ್ಟಲೆ ಪ್ಲಾಸ್ಟಿಕ್ಕಿನಂತೆಯೇ ಬಿದ್ದಿರುತ್ತದೆ.

ವಿಸ್ಕೋಸ್ ಹಾಗಲ್ಲ, ಮಣ್ಣಿನಲ್ಲಿ ಹತ್ತಿಯಂತೆ ಕರಗುತ್ತದೆ. ಅದರ ‘ಆದರೆ’ ಇರುವುದು ಹುಟ್ಟಿನಲ್ಲಿ. ಮರವನ್ನು ತಿರುಳಾಗಿಸಿ ನಾರಾಗಿಸುವ ರಾಸಾಯನಿಕಗಳ ಕಾಟ ಕರ್ನಾಟಕಕ್ಕೆ ಗೊತ್ತಿಲ್ಲದ್ದಲ್ಲ. ಹರಿಹರದ ಬಳಿ ತುಂಗಭದ್ರೆ ಮಲಿನವಾದಾಗ 1980ರ ದಶಕದಲ್ಲಿ ನದಿಯಂಚಿನ ಜನ ಬೀದಿಗಿಳಿದಿದ್ದರು. ಸಮಾಜ ಪರಿವರ್ತನ ಸಮುದಾಯ ಕೋರ್ಟಿನ ಮೆಟ್ಟಿಲು ಹತ್ತಿತ್ತು. ಸಾವು ಹಸಿರಾಗಿದ್ದರೆ ಸಾಲದು, ಹುಟ್ಟೂ ಹಸಿರಾಗಿರಬೇಕು ಎಂಬ ಪಾಠ ನಮಗೆ ಆಗಲೇ ಆಗಿದೆ.

ಹಳದಿ ಚೀಲ, ಮೂರನೆಯ ಚೀಲ

ಇಷ್ಟೆಲ್ಲ ಗೆದ್ದು ಆಸ್ಪತ್ರೆಗೆ ಬಂದ ಕೊಳೆಯುವ ಗೌನಿನ ಗತಿ ಏನು? ನಮ್ಮ ಜೈವಿಕ ವೈದ್ಯಕೀಯ ತ್ಯಾಜ್ಯದ 2016ರ ನಿಯಮದ ಪ್ರಕಾರ ರಕ್ತ, ಕೀವು ತಾಗಿದ ಬಟ್ಟೆ, ಪಟ್ಟಿಗಳು ಹಳದಿ ಚೀಲಕ್ಕೆ ಹೋಗಬೇಕು. ಹಳದಿ ಚೀಲದ ದಾರಿ ಸಾಮಾನ್ಯವಾಗಿ ಬೆಂಕಿಗೆ. ಸೋಂಕು ಹರಡುವ ಭಯ ಇರುವಾಗ ಇದು ಸರಿಯಾದ ನಿಯಮವೇ. ಆದರೆ ಸುಡುವುದಕ್ಕೇ ಹೋಗುವ ಗೌನು ಮಣ್ಣಿನಲ್ಲಿ ಎಷ್ಟು ದಿನಕ್ಕೆ ಕರಗುತ್ತದೆ ಎಂಬುದು ಜಾಹೀರಾತಿಗೆ ಚೆಂದ, ಬೂದಿಗೆ ಏನೂ ಅಲ್ಲ. ಅಲ್ಲಿ ಬೇಕಾದದ್ದು ರಕ್ತ ಒಳಗಿಳಿಯದ, ಬೇಯಿಸಿ ಒಗೆದು ಮತ್ತೆ ಮತ್ತೆ ಉಡಬಹುದಾದ ಗಟ್ಟಿ ಗೌನು. ಕೊಲ್ಲುವ ಲೇಪ ಇದೆಯೆಂದು ತಡೆಯುವ ಪದರವನ್ನು ತೆಳು ಮಾಡಿದರೆ ದಾದಿಯ ಪ್ರಾಣಕ್ಕೇ ಸಂಚಕಾರ. ಲೇಪ ಕೊಲ್ಲಲು ತಾಸು ಹಿಡಿಯುತ್ತದೆ, ರಕ್ತದ ಹನಿ ಒಳಗಿಳಿಯಲು ಕ್ಷಣ ಸಾಕು.

ಹಾಗಾದರೆ ಕೊಲ್ಲುವ-ಕೊಳೆಯುವ ಬಟ್ಟೆಯ ನಿಜವಾದ ಜಾಗ ಯಾವುದು? ಹಳದಿ ಚೀಲ ಮುಟ್ಟದ ಸಾಮಾನುಗಳು. ಮನೆಯ ಮಾಸ್ಕು, ಸಣ್ಣ ಗಾಯದ ಪಟ್ಟಿ, ಸ್ಯಾನಿಟರಿ ಪ್ಯಾಡು, ಮಗುವಿನ ಡೈಪರು, ಹಾಸಿಗೆ ಹಿಡಿದ ಅಜ್ಜಿಯ ಅಡಿಯ ಹಾಸು. ಒದ್ದೆಯಾಗಿರುವುದರಿಂದ ಇಲ್ಲಿ ರೋಗಾಣು ತಡೆಯುವ ಗುಣಕ್ಕೆ ಅರ್ಥವಿದೆ. ಒಮ್ಮೆ ಬಳಸಿ ಎಸೆಯುವುದರಿಂದ ಕೊಳೆಯುವ ಗುಣಕ್ಕೂ ಅರ್ಥವಿದೆ. ಒಗೆದರೆ ಲೇಪ ಹೋಗುತ್ತದೆಂಬ ಚಿಂತೆಯೂ ಇಲ್ಲ. ಸಿಗಡಿಯ ದೌರ್ಬಲ್ಯ, ಅರಿಶಿನದ ದೌರ್ಬಲ್ಯ ಎರಡೂ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಬಿಸಿಲಲ್ಲಿ ಒಣಗುವ ನಮ್ಮ ನಿಮ್ಮ ಅಂಗಿ, ಪಂಚೆಗಳಿಗೆ ಬೇರೆ ನಾಶಕ ಬೇಕಿಲ್ಲ. ಬಿಸಿಲೇ ಸಾಕು, ಅದಕ್ಕೆ ಬಿಲ್ಲೂ ಇಲ್ಲ.

ಬೆಂಗಳೂರಿನಲ್ಲಿ ಕಸಕ್ಕೆ ಎರಡು ಬುಟ್ಟಿ, ಒಂದು ಚೀಲ ಎಂಬ ಪದ್ಧತಿ ಇದೆ. ಹಸಿ ಕಸಕ್ಕೆ ಒಂದು ಬುಟ್ಟಿ, ಪ್ಯಾಡು, ಡೈಪರುಗಳಿಗೆ ಇನ್ನೊಂದು, ಒಣ ಕಸಕ್ಕೆ ಚೀಲ. ಹೇಳಲಿಕ್ಕೆ ಹೀಗೆ. ಎಷ್ಟೋ ಮನೆಗಳಲ್ಲಿ ಮೂರೂ ಒಂದೇ ಚೀಲದಲ್ಲಿ ಗಂಟು ಕಟ್ಟಿ ಹೊರಬೀಳುತ್ತವೆ. ಬೆಳಿಗ್ಗೆ ಆರು ಗಂಟೆಗೆ ಆ ಗಂಟು ಬಿಚ್ಚಿ ವಿಂಗಡಿಸುವ ಪೌರಕಾರ್ಮಿಕ ಮಹಿಳೆಯ ಕೈಯಲ್ಲಿ ಕೆಲವೊಮ್ಮೆ ಗವಸು ಇರುತ್ತದೆ, ಕೆಲವೊಮ್ಮೆ ಇರುವುದಿಲ್ಲ. ನಾವು ಮೂಗಿಗೆ ಕಟ್ಟಿಕೊಂಡು ಕ್ಷೇಮವಾಗಿದ್ದು ಎಸೆದ ಮಾಸ್ಕನ್ನು ಬರಿಗೈಯಲ್ಲಿ ಹಿಡಿಯುವವಳು ಅವಳು. ರಕ್ಷಣೆಯ ಉಡುಪು ಎಂದರೆ ಯಾರ ರಕ್ಷಣೆ ಎಂಬ ಪ್ರಶ್ನೆ ಅಲ್ಲಿ ಎದ್ದು ನಿಲ್ಲುತ್ತದೆ. ತೊಟ್ಟವರನ್ನು ಕಾಯ್ದು, ಎತ್ತಿದವರಿಗೆ ರೋಗ ಹಂಚದೆ, ಕೊನೆಗೆ ಮಣ್ಣಿಗೂ ಹೊರೆಯಾಗದ ಬಟ್ಟೆ ಬಂದರೆ ಅದು ಮೊದಲು ಉಳಿಸುವುದು ಅವಳ ಕೈಯನ್ನು.

ಅಂಥ ಬಟ್ಟೆ ಬರುವವರೆಗೂ ಕಾಯಬೇಕಿಲ್ಲ. ಬಳಸಿದ ಮಾಸ್ಕು, ಪ್ಯಾಡನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಮೇಲೊಂದು ಕೆಂಪು ಚುಕ್ಕೆ ಇಟ್ಟು ಬೇರೆಯಾಗಿ ಕೊಡಲು ಯಾವ ವಿಜ್ಞಾನಿಯ ಅಪ್ಪಣೆಯೂ ಬೇಡ. ಈ ಪುಟ ಓದಿ ಮುಗಿಸಿದ ಮೇಲೆ ಅದಕ್ಕೇ ಬಳಸಬಹುದು. ಕಾಗದವಾದ್ದರಿಂದ ಇದು ಹೇಗೂ ಕೊಳೆಯುತ್ತದೆ.